ಹೌಸ್ಯಾನ ಗೋದಲಿಯಲ್ಲಿ ನಾನು ಸುರಿದದ್ದು

ಕಾಕಾ, ಆ ಕಾರಹುಣ್ಣಿಮೆಯ ದಿನ ನಿನ್ನ ಎತ್ತು ಹೌಸ್ಯಾ ಓಟದಲ್ಲಿ ಸೋತದ್ದು ನನ್ನಿಂದ. ನಾನೇ ಅದಕ್ಕೆ ಹೊಟ್ಟೆ ಬಿರಿಯುವಷ್ಟು ತಿನ್ನಿಸಿ, ಮೂರು ಬಕೀಟು ನೀರು ಕುಡಿಸಿ, ಅದರ ಮೂತಿ ಒರೆಸಿ, ಏನೂ ಆಗದವಳ ಹಾಗೆ ಹೊಸ ಲಂಗ ತೊಟ್ಟು ಮಾಳಿಗೆ ಹತ್ತಿ ನಿಂತಿದ್ದೆ. ಬರೆದೆ — ನೋಡು, ಬರೆದೇಬಿಟ್ಟೆ! ಹದಿನೈದು ವರ್ಷ ಗಂಟಲಲ್ಲಿ ಇಟ್ಟುಕೊಂಡಿದ್ದು ಎರಡು ಸಾಲಿನಲ್ಲಿ ಮುಗಿಯಿತು. ಬಾವಿಗೆ ಮೊದಲ ಸಲ ಜಿಗಿದೆನಲ್ಲ, ನೀನು ನೀರಿನಲ್ಲಿ ನಿಂತು ಎರಡೂ ಕೈ ಚಾಚಿ ‘ಜಿಗಿ, ನಾ ಇದ್ದೇನಿ’ ಅನ್ನುತ್ತಿದ್ದಾಗ — ಈಗಲೂ ಹಾಗೆ.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನಿನ್ನೊಬ್ಬನ ಮುಂದೆ ಓದಬೇಕೆಂದಿಲ್ಲ. ಯಾರ ಯಾರ ಮುಂದೆ ಅನ್ನುವುದನ್ನು ಕಡೆಗೆ ಹೇಳುತ್ತೇನೆ. ಅವತ್ತು ಹುಟ್ಟಿರದವರೂ ಅಲ್ಲಿರುತ್ತಾರೆ, ಅವರಿಗೂ ತಿಳಿಯಬೇಕು.

ಮೊದಲು ಮುತ್ಯಾನ ವಿಷಯ. ಮುತ್ಯಾ ಎಂದರೆ ನನ್ನ ಅಜ್ಜ, ಅಪ್ಪನ ಅಪ್ಪ. ಆಯಿ ಎಂದರೆ ಅಜ್ಜಿ, ಕಾಕಾ ಅಪ್ಪನ ತಮ್ಮ. ಅಪ್ಪನಿಗೆ ಮುದ್ದೇಬಿಹಾಳದಲ್ಲಿ ಕಚೇರಿಯ ಕೆಲಸ, ಅವ್ವನಿಗೆ ಕೈಯಲ್ಲಿ ಇನ್ನೊಂದು ಕೂಸು. ಹೀಗಾಗಿ ನಾನು ಏಳನೆಯ ಇಯತ್ತೆ ಓದಿ ಮುಗಿಸುವವರೆಗೆ ಇಂಡಿ ತಾಲೂಕಿನ ನಮ್ಮೂರಲ್ಲಿ, ಅಗರಖೇಡದ ದಾರಿಯಲ್ಲಿ, ಮುತ್ಯಾ, ಆಯಿ ಮತ್ತು ಈ ಕಾಕಾನ ಹತ್ತಿರವೇ ಬೆಳೆದೆ. ಬೆಳೆದೆ ಎನ್ನುವುದಕ್ಕಿಂತ ಮೆರೆದೆ ಎನ್ನಬೇಕು. ಊರಲ್ಲಿ ನನ್ನಷ್ಟು ಸೊಕ್ಕಿನ ಹುಡುಗಿ ಇನ್ನೊಬ್ಬಳಿರಲಿಲ್ಲ, ಯಾಕೆಂದರೆ ನನ್ನ ಬೆನ್ನಿಗೆ ಮುತ್ಯಾ ಇದ್ದ!

ಹೊಲ ಹರಗುವಾಗ ಎಲ್ಲರೂ ಕುಂಟೆಯ ಮೇಲೆ ಭಾರಕ್ಕೆ ಕಲ್ಲು ಇಡುತ್ತಾರೆ. ಮುತ್ಯಾ ನನ್ನನ್ನು ಕೂಡಿಸುತ್ತಿದ್ದ. ‘ಈ ಕಲ್ಲ ಮಾತಾಡತೈತಿ, ಅದಕ್ಕs ಎತ್ತಿಗೆ ಬ್ಯಾಸರ ಆಗಂಗಿಲ್ಲ’ ಎಂದು ಬದುವಿನ ಮೇಲೆ ಹೋಗುವವರಿಗೆಲ್ಲ ಹೇಳುತ್ತಿದ್ದ. ನಾನು ಮುಂದಿನ ಹಿಡಿಕೆ ಗಟ್ಟಿ ಹಿಡಿದು ಕುಳಿತಿರುತ್ತಿದ್ದೆ, ಕರಿ ಮಣ್ಣಿನ ಹೆಂಟೆ ಕಾಲ ಕೆಳಗೆ ಪುಡಿಯಾಗುತ್ತಿತ್ತು, ಎಡಕ್ಕೆ ಮಲ್ಲ್ಯಾ ಬಲಕ್ಕೆ ಹೌಸ್ಯಾ, ಅವುಗಳ ಬಾಲ ಎರಡೂ ಕಡೆಯಿಂದ ನನ್ನ ಮುಖಕ್ಕೆ ಬಡಿಯುತ್ತಿದ್ದವು. ಮಲ್ಲ್ಯಾ ಬಿಳಿ ಎತ್ತು, ಹನ್ನೆರಡು ವರ್ಷದ್ದು, ಮುತ್ಯಾನ ಹಾಗೆಯೇ ಅವಸರವಿಲ್ಲದ್ದು. ಹೌಸ್ಯಾ ಕಂದು ಎತ್ತು, ಐದು ವರ್ಷದ್ದು, ಕಾಕಾ ಕರುವಿನಿಂದ ಸಾಕಿದ್ದು, ನಿಂತಲ್ಲಿ ನಿಲ್ಲದ್ದು. ಎರಡನ್ನೂ ಒಂದೇ ನೊಗಕ್ಕೆ ಹೂಡಿದರೆ ಸಾಲು ಸೊಟ್ಟಾಗುತ್ತದೆ ಎಂದು ಊರವರು ನಗುತ್ತಿದ್ದರು. ಮುತ್ಯಾನ ಕೈಯಲ್ಲಿ ಎಂದೂ ಸೊಟ್ಟಾಗಲಿಲ್ಲ.

ಬಾವಿಯ ಹೊಲ ಎಂದರೆ ನಾಲ್ಕೆಕರೆ. ಮಳೆಗಾಲದಲ್ಲಿ ಅದನ್ನು ಹರಗಿ ಹರಗಿ ಖಾಲಿ ಬಿಡುತ್ತಿದ್ದರು. ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಿದ್ದರು. ಆ ಜೋಳ ನನ್ನ ತಲೆಯ ಮೇಲೆ ಎರಡಾಳು ಎತ್ತರ ಬೆಳೆದು ತೆನೆ ಹಾಲುಗಟ್ಟಿತೆಂದರೆ — ಅಯ್ಯೋ, ಹೇಗೆ ಹೇಳಲಿ! ಹೊಲದ ನಡುವೆ ನಾಲ್ಕು ಕಂಬದ ಅಟ್ಟ ಕಟ್ಟುತ್ತಿದ್ದರು. ಅದರ ಮೇಲೆ ನಾನು, ಮುತ್ಯಾ ಮತ್ತು ಕವಣೆ. ಹಕ್ಕಿ ಕಾಯುವುದು ನಮ್ಮ ಕೆಲಸ. ಸಾಲಿ ಬಿಟ್ಟ ಕೂಡಲೇ ಪಾಟೀಚೀಲ ಹೊಸ್ತಿಲಲ್ಲಿ ಎಸೆದು ಓಡುತ್ತಿದ್ದೆ. ಕವಣೆ ಬೀಸಿ ‘ಹೋ’ ಎಂದು ಕೂಗಿದರೆ ನಾಲ್ಕೆಕರೆಯ ಗಿಳಿಗಳೆಲ್ಲ ಒಮ್ಮೆಗೇ ಏಳುತ್ತಿದ್ದವು. ನನ್ನ ಕೂಗಿಗೆ ಏಳುತ್ತಿದ್ದವು! ಹನ್ನೊಂದು ವರ್ಷದ ಹುಡುಗಿಗೆ ಇನ್ನೇನು ಬೇಕು.

ಆಮೇಲೆ ಸೀತನಿ. ಹಾಲು ತುಂಬಿದ ತೆನೆ ಮುರಿದು, ನೆಲದಲ್ಲಿ ಕುಣಿ ತೋಡಿ, ಸಗಣಿ ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿದರೆ ಹಸಿರು ಕಾಳು ಉದುರುತ್ತದೆ. ಮೇಲೆ ಬೆಲ್ಲ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಯಾವ ತೆನೆ ಸುಡಬೇಕು ಯಾವುದು ಬಲಿತಿದೆ ಎನ್ನುವುದನ್ನು ಮುತ್ಯಾ ನೋಡಿ ಹೇಳುತ್ತಿರಲಿಲ್ಲ. ತೆನೆಯನ್ನು ನನ್ನ ಕಿವಿಯ ಹತ್ತಿರ ತಂದು ಉಗುರಿನಿಂದ ಒಂದು ಕಾಳು ಒಡೆಯುತ್ತಿದ್ದ. ‘ಟಪ್ ಅಂದ್ರ ಬಲಿತೈತಿ. ಸುಮ್ಮನ ಒಡೀತಂದ್ರ ಸುಡು.’ ಈಗಲೂ ನಾನು ಮಕ್ಕಳಿಗೆ ಕಲಿಸುವ ನಾಲತವಾಡದ ಸಂತೆಯಲ್ಲಿ ಸೀತನಿ ತೆನೆ ಬಂದರೆ ಕಿವಿಯ ಹತ್ತಿರ ಹಿಡಿದು ಕಾಳು ಒಡೆಯುತ್ತೇನೆ, ಮಾರುವ ಹೆಂಗಸು ನನಗೆ ತಲೆ ಕೆಟ್ಟಿದೆ ಎಂದುಕೊಳ್ಳುತ್ತಾಳೆ.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ಆ ನಾಲ್ಕೆಕರೆಯನ್ನು ನಾನು ನನ್ನದೆಂದೇ ತಿಳಿದಿದ್ದೆ. ಅದೇ ನಾಲ್ಕೆಕರೆಯಲ್ಲಿ ಕಾಕಾ ಲಿಂಬೆ ಹಚ್ಚಬೇಕೆಂದಿದ್ದ.

ಕಾಕಾ, ನಿನಗಾಗ ಇಪ್ಪತ್ನಾಲ್ಕು. ಎರಡು ವರ್ಷ ನೀನು ಆ ಸಸಿಗಳನ್ನು ಹೇಗೆ ಬೆಳೆಸಿದೆ ಎನ್ನುವುದಕ್ಕೆ ನಾನೇ ಸಾಕ್ಷಿ. ಒಳ್ಳೆಯ ಹಣ್ಣು ಆರಿಸಿ ಬೀಜ ತೆಗೆದು ಬೂದಿಯಲ್ಲಿ ಒಣಗಿಸಿದೆ. ಎಣ್ಣೆ ಡಬ್ಬಿ, ಒಡೆದ ಬಕೀಟು, ಗೊಬ್ಬರದ ಚೀಲ — ಸಿಕ್ಕಿದ್ದರಲ್ಲೆಲ್ಲ ಮಣ್ಣು ತುಂಬಿ ಬಾವಿಯ ಪಕ್ಕದ ಬೇವಿನ ಮರದ ನೆರಳಲ್ಲಿ ಸಾಲಾಗಿ ಇಟ್ಟೆ. ನೂರಾ ಇಪ್ಪತ್ತು ಸಸಿ. ನಾನೂ ನೀರು ಹಾಕಿದ್ದೇನೆ. ಎಲೆ ಮುರಿದು ಮೂಸಿ, ‘ನೋಡ್ ಗಿರ್ಜಿ, ಇನ್ನೂ ಹಣ್ಣs ಆಗಿಲ್ಲ, ವಾಸನಿ ಮಾತ್ರ ಆಗಲೇ ಬಂದೈತಿ’ ಎಂದು ನನ್ನ ಮೂಗಿಗೆ ಹಿಡಿಯುತ್ತಿದ್ದೆ. ನನಗೂ ಖುಷಿಯಾಗುತ್ತಿತ್ತು. ಅವು ಎಲ್ಲಿಗೆ ಹೋಗುತ್ತವೆ ಎಂದು ನಾನು ಯೋಚಿಸಿರಲಿಲ್ಲ.

ಮುತ್ಯಾನಿಗೂ ನಿನಗೂ ಜಗಳ ಶುರುವಾದಾಗ ತಿಳಿಯಿತು. ಊಟಕ್ಕೆ ಕುಳಿತಾಗಲೆಲ್ಲ ಅದೇ ಮಾತು.

‘ಯಪ್ಪಾ, ಬಾವ್ಯಾಗ ನೀರ ಐತಿ, ಸಸಿ ತಯಾರ ಅದಾವ. ಈ ಮಳಿಗೆ ಹಚ್ಚಿದರ ನಾಕೈದ ವರ್ಷಕ್ಕ ಹಣ್ಣ.’

‘ನಮ್ಮಪ್ಪ ಜ್ವಾಳ ಬಿತ್ತಿದ ಹೊಲ ಅದು. ರೊಟ್ಟಿ ಬಿಟ್ಟು ಲಿಂಬಿಹಣ್ಣ ತಿಂತಿಯೇನ?’

ಆಯಿ ಇಬ್ಬರ ತಾಟಿಗೂ ರೊಟ್ಟಿ ಹಾಕುತ್ತಿದ್ದಳು. ಕಡೆಕಡೆಗೆ ಅಪ್ಪ–ಮಗ ಮಾತೇ ಬಿಟ್ಟರು. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ನನ್ನ ಕೈಯಲ್ಲಿ ಹೇಳಿಕಳಿಸುತ್ತಿದ್ದರು. ‘ನಿಮ್ಮ ಕಾಕಾಗ ಹೇಳು, ಹೌಸ್ಯಾನ ಲಾಳ ಸವದಾವ.’ ‘ನಿಮ್ಮ ಮುತ್ಯಾಗ ಹೇಳು, ನಿನ್ನೇನs ಕಟ್ಟಿಸೇನಿ.’ ಇಬ್ಬರೂ ಒಂದೇ ಪಡಸಾಲೆಯಲ್ಲಿ ಎರಡು ಮಾರು ದೂರದಲ್ಲಿ ಕುಳಿತಿರುತ್ತಿದ್ದರು!

ಹೀಗೇ ಇಡೀ ಬೇಸಿಗೆ ಹೋಯಿತು. ಕಾರಹುಣ್ಣಿಮೆಗೆ ಎಂಟು ದಿನ ಇದ್ದಾಗ ಒಂದು ಸಂಜೆ ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಹಿರಿಯರೆಲ್ಲ ಕುಳಿತಿದ್ದಾಗ ಮುತ್ಯಾ ಒಮ್ಮೆಲೇ ಹೇಳಿಬಿಟ್ಟ. ನಾನು ಅವನ ತೊಡೆಯ ಮೇಲಿದ್ದೆ, ಒಂದಕ್ಷರ ಮರೆತಿಲ್ಲ.

‘ಕರಿ ಹರೀಲಿ. ಊರಾಗ ಯಾರ ಎತ್ತ ಬೇಕಾದ್ದ ಗೆಲ್ಲಲಿ, ನಮ್ಮ ಎರಡರಾಗ ಕಂದು ಮುಂದಾದ್ರ ಬಾವಿ ಹೊಲಕ್ಕ ಲಿಂಬಿ. ಬಿಳೇದು ಮುಂದಾದ್ರ ಜ್ವಾಳ. ನಾನೂ ಮಾತ ಮುರಿಯಂಗಿಲ್ಲ, ಅವನೂ ಮುರಿಯಂಗಿಲ್ಲ.’

ಕಾಕಾ, ನೀನು ಕಟ್ಟೆಯ ಕೆಳಗೆ ನಿಂತಿದ್ದೆ. ‘ಆತು’ ಎಂದೆ. ಅಷ್ಟೇ.

ಕರಿ ಎಂದರೇನು ಎಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಕಾರಹುಣ್ಣಿಮೆಯ ಸಂಜೆ ಊರ ಹೆಬ್ಬಾಗಿಲಿಗೆ, ಅಂದರೆ ಅಗಸಿಗೆ, ಬೇವಿನ ತಪ್ಪಲು, ಕೊಬ್ಬರಿ ಬಟ್ಟಲು ಪೋಣಿಸಿದ ಹಗ್ಗ ಅಡ್ಡ ಕಟ್ಟುತ್ತಾರೆ. ಎತ್ತುಗಳು ಓಡಿ ಬಂದು ಅದನ್ನು ಹರಿಯಬೇಕು. ಕಂದು ಎತ್ತು ಹರಿದರೆ ಮುಂಗಾರಿ ಹಸನು, ಬಿಳಿ ಎತ್ತು ಹರಿದರೆ ಹಿಂಗಾರಿ ಹಸನು. ಅದು ಆಟವೂ ಹೌದು, ಆಟವಲ್ಲದ್ದೂ ಹೌದು. ಆ ಮಾತನ್ನು ನೆಚ್ಚಿ ಬೀಜ ತೆಗೆದಿಡುವವರನ್ನು ನಾನು ನೋಡಿದ್ದೇನೆ.

ನನ್ನ ಲೆಕ್ಕ ಸರಳವಾಗಿತ್ತು. ಹೌಸ್ಯಾ ಓಡಿದರೆ ಮಲ್ಲ್ಯಾ ಅದರ ಧೂಳನ್ನೂ ಮುಟ್ಟಲಾರದು, ಅದು ನನಗೆ ಗೊತ್ತಿತ್ತು. ಹೌಸ್ಯಾ ಗೆದ್ದರೆ ಜೋಳವಿಲ್ಲ. ಜೋಳವಿಲ್ಲದಿದ್ದರೆ ಅಟ್ಟವಿಲ್ಲ, ಕವಣೆಯಿಲ್ಲ, ಸೀತನಿಯಿಲ್ಲ. ಸಾಲಿ ಬಿಟ್ಟು ಓಡಿಹೋಗಲು ಜಾಗವೇ ಇಲ್ಲ. ಮತ್ತೆ — ಎಲ್ಲರೆದುರು ಮುತ್ಯಾ ಸೋಲುತ್ತಾನೆ. ಇದನ್ನು ನಾನು ಕಡೆಯಲ್ಲಿ ಸೇರಿಸಿಕೊಂಡೆ ಕಾಕಾ, ಅದು ಈಗ ತಿಳಿಯುತ್ತದೆ. ಆದರೆ ಹದಿನೈದು ವರ್ಷ ನನಗೆ ನಾನೇ ಹೇಳಿಕೊಂಡದ್ದು ಅದೊಂದನ್ನೇ: ಮುತ್ಯಾನಿಗೋಸ್ಕರ ಮಾಡಿದೆ, ಮುತ್ಯಾನ ಮಾನಕ್ಕೋಸ್ಕರ ಮಾಡಿದೆ.

ಹಿಂದಿನ ದಿನ ಹೊನ್ನುಗ್ಗಿ. ಎತ್ತುಗಳ ಹಬ್ಬದೂಟ. ಆಯಿ ದೊಡ್ಡ ಗಡಿಗೆಯಲ್ಲಿ ಜೋಳದ ಉಗ್ಗಿ ಬೇಯಿಸಿದಳು, ನೀನು ಹೌಸ್ಯಾನಿಗೆ ನಿನ್ನ ಕೈಯಿಂದ ಮುದ್ದೆ ಮಾಡಿ ತಿನ್ನಿಸಿದೆ, ಅದರ ಕಿವಿ ತಿಕ್ಕುತ್ತಾ ‘ಒಂದ ತುತ್ತ, ಇನ್ನೊಂದ ತುತ್ತ’ ಎಂದು ಕೂಸಿಗೆ ಉಣಿಸುವ ಹಾಗೆ ಉಣಿಸಿದೆ. ಮುತ್ಯಾ ಮಲ್ಲ್ಯಾನಿಗೆ ಬಿದಿರಿನ ಗೊಟ್ಟದಲ್ಲಿ ಎಣ್ಣೆ, ಅರಿಷಿಣ ಕುಡಿಸಿದ. ಹಬ್ಬದ ದಿನ ಬೆಳಿಗ್ಗೆ ಎರಡನ್ನೂ ಬಾವಿಯ ಹತ್ತಿರ ತಿಕ್ಕಿ ತೊಳೆದೆವು. ಕೋಡಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಬೆನ್ನಿಗೆ ಜೂಲ. ಹೌಸ್ಯಾನ ಕೋಡಿಗೆ ಗುಲಾಬಿ ಬಣ್ಣ ಹಚ್ಚಿದವಳು ನಾನೇ. ಎಷ್ಟು ಚೆಂದ ಕಾಣುತ್ತಿತ್ತು ಗೊತ್ತೇನು, ಇಡೀ ಓಣಿಯೇ ಬಂದು ನೋಡಿ ಹೋಯಿತು.

ಮಧ್ಯಾಹ್ನ ನೀನು ಹೌಸ್ಯಾನನ್ನು ಮೇವು ಹಾಕುವ ಗೋದಲಿಯ ಹತ್ತಿರ ಕಟ್ಟಿ ನನ್ನನ್ನು ಕರೆದೆ.

‘ಗಿರ್ಜಿ, ಸಂಜಿತನಕ ಇದಕ್ಕ ಒಂದ ಕಡ್ಡಿ ಮೇವ ಹಾಕಬಾರದು, ಹೊಟ್ಟಿ ಹಗುರ ಇರಬೇಕು. ನೀ ಇಲ್ಲೇ ಕುಂತ ಕಾಯಿ. ಯಾರ ಬಂದರೂ ಬಿಡಬ್ಯಾಡ. ನನಗ ನಿನ್ನ ಬಿಟ್ಟರ ಯಾರ ಮ್ಯಾಲೂ ಭರೋಸಾ ಇಲ್ಲ.’

ನಿನಗೆ ಬೇರೆ ಯಾರೂ ಸಿಗಲಿಲ್ಲವೇ ಕಾಕಾ? ಇಲ್ಲ, ಹೀಗೆ ಕೇಳುವ ಹಕ್ಕು ನನಗಿಲ್ಲ. ಆ ಸಾಲು ಹೊಡೆದು ಹಾಕಿದೆ ಎಂದು ತಿಳಿ.

ಎಲ್ಲರೂ ಒಳಗೆ ಹೋಳಿಗೆ ಉಣ್ಣಲು ಕುಳಿತರು. ನಾನು ದನದ ಮನೆಯ ಮೂಲೆಯಲ್ಲಿ ಎತ್ತುಗಳಿಗೆಂದು ನೆನೆಯಿಟ್ಟ ಶೇಂಗಾ ಹಿಂಡಿಯ ಬುಟ್ಟಿ ಎಳೆದೆ. ಅದಕ್ಕೆ ಜೋಳದ ನುಚ್ಚು ಸುರಿದೆ, ಬೆಲ್ಲ ಕಲಸಿದೆ, ಎರಡು ಹಿಡಿ ಉಪ್ಪು ಹಾಕಿ ಗೋದಲಿಗೆ ಸುರಿದೆ. ಉಪ್ಪು ಹಾಕಿದರೆ ನೀರು ಹೆಚ್ಚು ಕುಡಿಯುತ್ತವೆ ಎನ್ನುವುದನ್ನು ಮುತ್ಯಾನೇ ಕಲಿಸಿದ್ದ, ಬೇಸಿಗೆಯಲ್ಲಿ ಎತ್ತು ಬಳಲಬಾರದೆಂದು. ಅವನು ಕೊಟ್ಟ ತಿಳಿವಳಿಕೆಯಿಂದಲೇ ಆ ಕೆಲಸ ಮಾಡಿದೆ. ಹೌಸ್ಯಾ ಬೆಳಗಿನಿಂದ ಹಸಿದಿತ್ತು. ಒಂದು ಬುಟ್ಟಿ ಮುಗಿಸಿತು, ಇನ್ನರ್ಧ ಮುಗಿಸಿತು. ತಿನ್ನುತ್ತಾ ತಿನ್ನುತ್ತಾ ತಲೆಯೆತ್ತಿ ನನ್ನ ಕೈ ನೆಕ್ಕಿತು. ಆಮೇಲೆ ನೀರು. ಒಂದು ಬಕೀಟು, ಎರಡು, ಮೂರು. ಮತ್ತು ಕಾಕಾ, ನನಗೆ ಅದರಲ್ಲಿ ಖುಷಿಯೂ ಇತ್ತು. ದೊಡ್ಡವರ ಮಾತನ್ನು ನಾನೊಬ್ಬಳೇ ತಿರುಗಿಸುತ್ತಿದ್ದೇನೆ ಎನ್ನುವ ಖುಷಿ. ಆ ಖುಷಿಯನ್ನು ಮುಚ್ಚಿಟ್ಟರೆ ಈ ಬರೆದದ್ದೂ ಅರ್ಧ ಸುಳ್ಳಾಗುತ್ತದೆ.

ಸಂಜೆಯ ಓಟ! ಊರಿಗೆ ಊರೇ ಮಾಳಿಗೆಯ ಮೇಲಿತ್ತು. ಹಲಗಿ ಬಾರಿಸುವ ಸಪ್ಪಳ ಅಗಸಿಗೆ ಬಡಿದು ತಿರುಗಿ ಬರುತ್ತಿತ್ತು. ನಾನು ಆಯಿಯ ಸೆರಗು ಹಿಡಿದು ತುದಿಗಾಲಲ್ಲಿ ನಿಂತಿದ್ದೆ. ಏಳೆಂಟು ಎತ್ತು ಒಮ್ಮೆಗೇ ಬಿಟ್ಟರು, ಬರೀ ಧೂಳು, ಗೆಜ್ಜೆ, ಕೂಗು. ಧೂಳಿನೊಳಗಿಂದ ಮೊದಲು ಯಾರದೋ ಬಿಳಿ ಎತ್ತು, ಆಮೇಲೆ ಇನ್ಯಾರದೋ, ಆಮೇಲೆ — ಮಲ್ಲ್ಯಾ! ನಮ್ಮ ಮುದುಕ ಮಲ್ಲ್ಯಾ, ಜೂಲ ಜಾರಿ ಒಂದು ಕಡೆ ಜೋತಾಡುತ್ತಿದೆ, ಕೊರಳು ಮುಂದೆ ಚಾಚಿ ಓಡುತ್ತಿದೆ! ನಾನು ಕಿರುಚಿದ್ದು ಅಗಸಿಯಾಚೆ ಕೇಳಿಸಿರಬೇಕು. ಹೌಸ್ಯಾ ಎಲ್ಲರ ಹಿಂದೆ ಬಂತು. ಓಡುತ್ತಿರಲಿಲ್ಲ, ಕಾಲು ಎಳೆದುಕೊಂಡು ಬರುತ್ತಿತ್ತು. ಗುಲಾಬಿ ಕೋಡು ಧೂಳಿಗೆ ಕಂದಾಗಿತ್ತು. ನೀನು ಅದರ ಪಕ್ಕದಲ್ಲೇ ಓಡಿ ಬಂದೆ, ಹೊಡೆಯಲಿಲ್ಲ, ಬೈಯಲಿಲ್ಲ.

ನಾನು ಮಾಳಿಗೆಯಿಂದ ಇಳಿದು ಓಡಿ ಮುತ್ಯಾನ ಧೋತರ ಹಿಡಿದು ಕುಣಿದೆ. ‘ಮುತ್ಯಾ, ನೀ ಗೆದ್ದಿ!’ ಮುತ್ಯಾ ನನ್ನ ತಲೆಯ ಮೇಲೆ ಕೈಯಿಟ್ಟ. ನಗಲಿಲ್ಲ. ನಿನ್ನ ಕಡೆಗೇ ನೋಡುತ್ತಿದ್ದ. ದೊಡ್ಡವನು, ಎಲ್ಲರೆದುರು ಹೇಗೆ ನಗುತ್ತಾನೆ ಎಂದುಕೊಂಡೆ.

ದನದ ಮನೆಯಲ್ಲಿ ನೀನು ಹೌಸ್ಯಾನ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ಎಡಗಡೆ ಉಬ್ಬಿ ಬಿಗಿದಿತ್ತು. ಮುತ್ಯಾ ಓಂಕಾಳು ಅರೆದು ಎಣ್ಣೆಯಲ್ಲಿ ಕಲಸಿ ತಂದ, ಇಬ್ಬರೂ ಸೇರಿ ಗೊಟ್ಟ ಹಾಕಿದಿರಿ. ಎಷ್ಟೋ ತಿಂಗಳಾದ ಮೇಲೆ ಮೊದಲ ಸಲ ಇಬ್ಬರೂ ಒಂದು ಕೆಲಸಕ್ಕೆ ಕೈ ಹಾಕಿದ್ದು ಅವತ್ತೇ. ಆಮೇಲೆ ನೀನು ನನ್ನ ಕಡೆ ತಿರುಗಿದೆ.

‘ಗಿರ್ಜಿ, ಯಾರರ ಬಂದ ಏನರ ಹಾಕಿದ್ರೇನ?’

‘ಇಲ್ಲ ಕಾಕಾ. ಯಾರೂ ಬಂದಿಲ್ಲ.’

ನೋಡು, ಎಂಥ ಹುಷಾರಿನ ಸುಳ್ಳು. ಯಾರೂ ಬಂದಿರಲಿಲ್ಲ, ನಾನೇ ಇದ್ದೆ. ನೀನು ನನ್ನನ್ನು ನಂಬಿದೆ. ಗೋಡೆಗೆ ಒರಗಿ ಕುಳಿತು ನಿನಗೆ ನೀನೇ ಹೇಳಿಕೊಂಡೆ: ‘ನಿನ್ನೆ ಹೊನ್ನುಗ್ಗಿ ನಾನs ಜಾಸ್ತಿ ಹಾಕಿದ್ನಿ. ಪ್ರೀತಿಲೇ ಹಾಕಿ ಹಾಕಿ ನಾನs ಕೆಡಿಸಿದ್ನಿ.’

ಅವತ್ತೇ, ಆ ಕ್ಷಣದಲ್ಲಿಯೇ ಬಾಯಿ ಬಿಡಬೇಕಿತ್ತು. ಮುತ್ಯಾ ಎದುರಿಗಿದ್ದ, ನೀನು ಎದುರಿಗಿದ್ದೆ, ಕಟ್ಟೆಯ ಮೇಲೆ ಹಿರಿಯರು ಇನ್ನೂ ಎದ್ದಿರಲಿಲ್ಲ. ಹೊಡೆತ ಬೀಳುತ್ತಿತ್ತು, ಮುಂದಿನ ವಾರ ಮತ್ತೆ ಎತ್ತು ಓಡಿಸುತ್ತಿದ್ದರು, ಮುಗಿಯುತ್ತಿತ್ತು. ನಾನು ಹೊಸ ಲಂಗದ ಅಂಚು ಬೆರಳಿಗೆ ಸುತ್ತುತ್ತಾ ನಿಂತೆ.

ಮೂರನೆಯ ದಿನ ನೀನು ಸಸಿಗಳನ್ನೆಲ್ಲ ಬಂಡಿಗೆ ಹೇರಿದೆ. ಲಚ್ಯಾಣದ ನಿನ್ನ ಗೆಳೆಯನಿಗೆ ಕೊಟ್ಟುಬರಲು. ಮುತ್ಯಾ ಬೇವಿನ ಮರದ ಕೆಳಗೆ ನಿಂತಿದ್ದ. ‘ಎಲ್ಲಾ ಯಾಕ ಒಯ್ತಿಯೋ, ಒಂದಿಷ್ಟ ಇರ್ಲಿ’ ಎಂದ. ನೀನು ‘ಮಾತಂದ್ರ ಮಾತ, ಯಪ್ಪಾ’ ಎಂದು ಬಂಡಿ ಹೂಡಿದೆ. ಮುತ್ಯಾ ಬಂಡಿಯ ಹಿಂದೆ ನಾಲ್ಕು ಹೆಜ್ಜೆ ನಡೆದು ಒಂದು ಡಬ್ಬಿ ಎತ್ತಿಕೊಂಡ. ಅದನ್ನು ಮನೆಯ ಹಿತ್ತಲಲ್ಲಿ ಹಚ್ಚಿದ, ಹೊಲದಲ್ಲಲ್ಲ. ‘ಉಪ್ಪಿನಕಾಯಿಗೆ’ ಎಂದ. ದಿನಾ ಮುಖ ತೊಳೆದ ನೀರು ಅದಕ್ಕೇ ಹಾಕುತ್ತಿದ್ದ.

ಆ ವರ್ಷ ಜೋಳ ಹೇಗೆ ಬಂತೆಂದರೆ ಊರವರು ವರ್ಷಗಟ್ಟಲೆ ಮಾತಾಡಿಕೊಂಡರು. ಕರಿ ಸುಳ್ಳಾಡಲಿಲ್ಲ ಎಂದರು. ಅಟ್ಟ ಕಟ್ಟಿದರು, ನಾನು ಹತ್ತಿದೆ. ಸೀತನಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆಯಲು ಆಸೆಯಾಗುತ್ತದೆ, ಆದರೆ ಚೆನ್ನಾಗಿಯೇ ಇಳಿಯಿತು. ಹೊಟ್ಟೆ ತುಂಬ ತಿಂದೆ. ಸುಟ್ಟು ತಿಕ್ಕಿ ಮೊದಲ ಹಿಡಿ ನನ್ನ ಕೈಗೆ ಹಾಕಿದವನು ನೀನು. ನಿನ್ನ ಅಂಗೈ ಬಿಸಿಗೆ ಕೆಂಪಾಗಿತ್ತು.

ಮುಂದಿನ ಕಾರಹುಣ್ಣಿಮೆಗೆ ಹೊನ್ನುಗ್ಗಿ ತಿನ್ನಿಸುವಾಗ ನೀನು ಆಯಿಯನ್ನು ಕರೆದೆ: ‘ನೀನs ಹಾಕವಾ. ನನ್ನ ಕೈಗೆ ಅಳತಿ ತಿಳಿಯಂಗಿಲ್ಲ.’ ಅದರ ಮುಂದಿನ ವರ್ಷವೂ. ಹೌಸ್ಯಾ ಮುದಿಯಾಗಿ ಸಾಯುವವರೆಗೂ ಹಬ್ಬದ ತುತ್ತು ನೀನು ನಿನ್ನ ಕೈಯಿಂದ ಅದಕ್ಕೆ ಕೊಡಲಿಲ್ಲ. ಅದು ಗೋದಲಿಯಿಂದ ಕೊರಳು ಚಾಚಿ ನಿನ್ನ ಕಡೆಗೇ ನೋಡುತ್ತಿತ್ತು. ಅದನ್ನು ನಾನು ಪ್ರತಿ ಸಲ ನೋಡಿದೆ, ಪ್ರತಿ ಸಲ ಎದ್ದು ಆಚೆ ಹೋದೆ.

ಇಲ್ಲಿಯವರೆಗಿನದು ಹುಡುಗಿ ಮಾಡಿದ್ದು. ಮುಂದಿನದು ದೊಡ್ಡವಳು ಮಾಡಿದ್ದು, ಮತ್ತು ಅದೇ ದೊಡ್ಡ ತಪ್ಪು. ಐದು ವರ್ಷದ ಹಿಂದೆ ಮುತ್ಯಾ ತೀರಿಕೊಂಡ. ದಿನಕರ್ಮವೆಲ್ಲ ಮುಗಿದ ಮೇಲೆ ಅಪ್ಪ ಪಡಸಾಲೆಯಲ್ಲಿ ನಿನಗೆ ಹೇಳಿದ, ‘ಈಗರ ಬಾವಿ ಹೊಲಕ್ಕ ಲಿಂಬಿ ಹಚ್ಚೋ ತಮ್ಮಾ, ಯಾರ ಬ್ಯಾಡ ಅಂತಾರ?’ ನೀನು ತಲೆಯಲ್ಲಾಡಿಸಿದೆ. ‘ಇಲ್ಲಣ್ಣಾ. ಕರಿ ಹರದಾಗೇತಿ. ಅವರ ಇಲ್ಲಂತ ಮಾತ ಮುರಿಲೇನ?’ ನಾನು ಚಹಾದ ತಾಟು ಹಿಡಿದು ಬಾಗಿಲಲ್ಲಿದ್ದೆ. ಇಪ್ಪತ್ತೊಂದು ವರ್ಷದವಳು, ಕಾಲೇಜು ಕಲಿತವಳು. ಒಂದು ಮಾತು ಸಾಕಿತ್ತು. ಎಲ್ಲರಿಗೂ ಚಹಾ ಕೊಟ್ಟು ಒಳಗೆ ಹೋದೆ. ಸತ್ತವನ ಗೆಲುವನ್ನು ಕೆಡಿಸಬಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಊರಿಗೆ ಬರುವಾಗ ಲಚ್ಯಾಣ ದಾಟಿದರೆ ಬಸ್ಸಿನ ಕಿಟಕಿಯಿಂದ ನಿನ್ನ ಗೆಳೆಯನ ಆ ತೋಟ ಕಾಣುತ್ತದೆ. ನೀನು ಬೂದಿಯಲ್ಲಿ ಒಣಗಿಸಿದ ಬೀಜದ ಮರಗಳು. ಹಸಿರು ಎಲೆಯ ನಡುವೆ ಹಳದಿ ಹಣ್ಣು ತುಂಬಿರುತ್ತವೆ. ನಾನು ಯಾವಾಗಲೂ ಇನ್ನೊಂದು ಕಡೆಯ ಸೀಟು ಹಿಡಿಯುತ್ತೇನೆ.

ಹೋದ ರವಿವಾರ ಊರಿಗೆ ಬಂದಿದ್ದೆನಲ್ಲ, ನೀನು ಎತ್ತಿಗೆ ಹೊಸ ಹಗ್ಗ ಹೊಸೆಯುತ್ತಿದ್ದೆ. ನಾನು ಹಿತ್ತಲಲ್ಲಿ ಆಯಿಯ ಜೊತೆ ಉಪ್ಪಿನಕಾಯಿಗೆ ಹಣ್ಣು ಹೆಚ್ಚುತ್ತಾ ಕುಳಿತಿದ್ದೆ. ಆ ಒಂದೇ ಮರದ ಹಣ್ಣು. ಆಯಿಗೆ ಈಗ ಕಣ್ಣು ಮಂಜು, ಆದರೂ ಕೈ ತಪ್ಪುವುದಿಲ್ಲ. ಬೀಜ ತೆಗೆದು ಒಂದು ಕಡೆ ಹಾಕುತ್ತಾ, ಏನೋ ನೆನಪಾದವಳ ಹಾಗೆ ಹೇಳಿದಳು:

‘ನಿಮ್ಮ ಮುತ್ಯಾಗ ಗೊತ್ತಿತ್ತವಾ, ಹೌಸ್ಯಾನs ಗೆಲ್ಲೂದು ಅಂತ. ಇಡೀ ಊರಿಗೇ ಗೊತ್ತಿತ್ತು. ಮಗನ ಮುಂದ ಹೆಂಗ ಬಗ್ಗೂದು, ಅದಕ್ಕs ಕರಿ ಮ್ಯಾಲ ಹಾಕಿದ. ಸೋತು ಕೊಡೂಣು ಅಂತ ಮಾಡಿದ್ದ. ಎತ್ತ ಕೈ ಕೊಡ್ತು.’

ನಾನು ಈಳಿಗೆ ಬದಿಗೆ ಸರಿಸಿದೆ. ‘ನಿನಗ ಹೇಳಿದ್ನೇನ ಆಯಿ?’ ಎಂದೆ.

‘ಹೇಳದs ಏನ. ಹಿಂದಿನ ದಿನ ಕುಣಿ ಎಷ್ಟ ಅಂತರ ಮ್ಯಾಲ ತೋಡಬೇಕಂತ ನನ್ನ ಕೂಡ ಲೆಕ್ಕ ಹಾಕಾಕತ್ತಿದ್ದ. ಹದಿನೆಂಟ ಅಡಿನೋ ಇಪ್ಪತ್ತ ಅಡಿನೋ ಅಂತ. ಆಮ್ಯಾಲ ಊರ ಮುಂದ ಆಡಿದ ಮಾತ, ಅವಗೂ ಮುರಿಯಾಕ ಬರಲಿಲ್ಲ. ಇದೊಂದ ಸಸಿ ಹಚ್ಚಿ ಸುಮ್ಮನಾದ.’

ಕಾಕಾ, ಮುತ್ಯಾ ಸೋಲಬೇಕೆಂದಿದ್ದ. ನಿನಗೆ ಹೊಲ ಕೊಡಲು ಅವನಿಗೆ ಸಿಕ್ಕ ದಾರಿ ಅದೊಂದೇ, ಮತ್ತು ಆ ದಾರಿಗೆ ನಾನು ಒಂದೂವರೆ ಬುಟ್ಟಿ ಹಿಂಡಿ, ಮೂರು ಬಕೀಟು ನೀರು ಸುರಿದೆ. ಮುತ್ಯಾನಿಗೋಸ್ಕರ ಮಾಡಿದೆ ಎನ್ನುತ್ತಿದ್ದೆನಲ್ಲ — ಅವನಿಗೂ ಮೋಸ ಮಾಡಿದ್ದೇನೆ. ಅವನು ಗೆದ್ದು ಸುಖಪಟ್ಟ ಎಂದುಕೊಂಡಿದ್ದೆ. ಅವನು ಹತ್ತು ವರ್ಷ ಹಿತ್ತಲಲ್ಲಿ ಒಂದು ಮರಕ್ಕೆ ಮುಖ ತೊಳೆದ ನೀರು ಹಾಕುತ್ತಾ ಕಳೆದ.

ಎದ್ದು ನಿನ್ನ ಹತ್ತಿರ ಬಂದೆ. ನೀನು ತಲೆಯೆತ್ತಿ ‘ಏನವಾ?’ ಎಂದೆ. ‘ಬಸ್ಸಿನ ಹೊತ್ತಾತು ಕಾಕಾ’ ಎಂದೆ ನಾನು. ಮತ್ತೆ ಅದೇ. ಹದಿನೈದು ವರ್ಷದ ಅಭ್ಯಾಸ, ನಾಲಿಗೆ ತಾನಾಗಿಯೇ ಸುಳ್ಳಿನ ಕಡೆ ಹೊರಳುತ್ತದೆ. ಬಸ್ಸಿನಲ್ಲಿ ಬೇಕೆಂದೇ ಕಿಟಕಿಯ ಕಡೆ ಕುಳಿತೆ. ಲಚ್ಯಾಣದ ತೋಟ ಪೂರ್ತಿ ದಾಟುವವರೆಗೆ ಕಣ್ಣು ತೆಗೆಯಲಿಲ್ಲ. ನಾಲತವಾಡಕ್ಕೆ ಬಂದವಳೇ ಸಾಲಿಯ ಮಕ್ಕಳ ನೋಟುಬುಕ್ಕು ಬದಿಗೆ ಸರಿಸಿ ಇದನ್ನು ಬರೆಯಲು ಕುಳಿತೆ. ಮೂರು ದಿನದಿಂದ ಬರೆಯುತ್ತಿದ್ದೇನೆ, ಹರಿದು ಹಾಕಿದ್ದೇ ಹೆಚ್ಚು.

ಕಾರಹುಣ್ಣಿಮೆಗೆ ಇನ್ನು ಐದು ದಿನ. ನಾನು ಹೊನ್ನುಗ್ಗಿಯ ದಿನವೇ ಬರುತ್ತೇನೆ. ಫೋನಿನಲ್ಲಿ ಹೇಳುವುದಿಲ್ಲ, ನಿನ್ನನ್ನು ಮೂಲೆಗೆ ಕರೆದು ಹೇಳುವುದೂ ಇಲ್ಲ. ಆ ಮಾತು ಹಣಮಪ್ಪನ ಕಟ್ಟೆಯ ಮೇಲೆ, ಊರ ಮುಂದೆ ಆದದ್ದು. ಬಿಡಿಸುವುದೂ ಅಲ್ಲೇ ಆಗಬೇಕು. ಸಂಜೆ ಜನ ಕೂಡಿದಾಗ ನಿಂತು ಇದನ್ನು ಮೊದಲ ಸಾಲಿನಿಂದ ಓದುತ್ತೇನೆ. ಟೀಚರಮ್ಮ ಎಂದು ಕೈ ಮುಗಿಯುವವರು ಆಮೇಲೆ ಮುಗಿಯದಿದ್ದರೆ ಬೇಡ. ಆಯಿಗೂ ಕೇಳಿಸಬೇಕು, ಅವಳನ್ನು ಹತ್ತಿರವೇ ಕೂಡಿಸಿಕೊಳ್ಳುತ್ತೇನೆ. ನೀನು ನನ್ನನ್ನು ಬೈಯಬಹುದು. ಮಾತು ಬಿಡಬಹುದು. ಮನೆಗೆ ಬರಬೇಡ ಎನ್ನಬಹುದು. ಬಾವಿಯ ಹೊಲದಲ್ಲಿ ಏನು ಬೆಳೆಯಬೇಕೆಂದು ಹೇಳುವ ಬಾಯಿ ನನಗಿಲ್ಲ. ಹದಿನೈದು ವರ್ಷ ತಿರುಗಿ ಕೊಡುವ ಶಕ್ತಿಯೂ ಇಲ್ಲ. ಕ್ಷಮಿಸು ಎಂದು ಕೇಳುವುದಿಲ್ಲ, ಕೇಳಿದರೆ ನೀನು ಕೊಟ್ಟುಬಿಡುತ್ತೀ, ನಿನ್ನನ್ನು ನಾನು ಬಲ್ಲೆ.

ಒಂದೇ ಮಾತು ನಿನಗೆ ತಲುಪಬೇಕು. ಅದಕ್ಕಾಗಿಯೇ ಇಷ್ಟು ಬರೆದೆ. ಈ ಸಲದ ಹೊನ್ನುಗ್ಗಿಯನ್ನು ಎತ್ತುಗಳಿಗೆ ನಿನ್ನ ಕೈಯಿಂದಲೇ ಹಾಕು. ಅವತ್ತು ನೀನು ಹೌಸ್ಯಾನಿಗೆ ಹಾಕಿದ್ದು ಜಾಸ್ತಿಯಾಗಿರಲಿಲ್ಲ, ಕಾಕಾ. ನಿನ್ನ ಕೈಯ ಅಳತೆ ಸರಿಯಾಗಿಯೇ ಇತ್ತು.